ಪದವಿ ಗಡಿ ದಾಟುವ ದಾರಿಗಳು: ಉನ್ನತ ಶಿಕ್ಷಣದ ಅಂತರರಾಷ್ಟ್ರೀಯ ಸಹಕಾರದಲ್ಲಿ ಯಾವುದನ್ನು ಆರಿಸಬೇಕು?

ಒಂದು ದೇಶದಲ್ಲಿ ಗಳಿಸಿದ ಪದವಿಗೆ ಇನ್ನೊಂದು ದೇಶದಲ್ಲಿ ಬೆಲೆ ಸಿಗಬೇಕು, ಅಲ್ಲಿ ಕಲಿತ ಒಂದು ಸೆಮಿಸ್ಟರ್ ಇಲ್ಲಿ ಲೆಕ್ಕಕ್ಕೆ ಬರಬೇಕು, ಹೊರಗಿನಿಂದ ಬಂದು ಪದವಿ ಕೊಡುವ ಸಂಸ್ಥೆಯ ಗುಣಮಟ್ಟವನ್ನು ಯಾರಾದರೂ ಪರಿಶೀಲಿಸಬೇಕು. ಈ ಮಾತುಗಳನ್ನು ಒಪ್ಪದವರು ವಿರಳ. ಭಿನ್ನಾಭಿಪ್ರಾಯ ಹುಟ್ಟುವುದು ಯಾವ ದಾರಿ ಹಿಡಿಯಬೇಕು ಎಂಬಲ್ಲಿ. ಶಿಕ್ಷಣ ಸಚಿವಾಲಯಗಳಲ್ಲಿ ಕಡತ ಸಿದ್ಧಪಡಿಸುವವರು, ವಿಶ್ವವಿದ್ಯಾಲಯಗಳ ಅಂತರರಾಷ್ಟ್ರೀಯ ವಿಭಾಗದಲ್ಲಿ ದುಡಿಯುವವರು, ಶಿಕ್ಷಣ ನೀತಿಯನ್ನು ಅಧ್ಯಯನ ಮಾಡುವ ವಿದ್ಯಾರ್ಥಿಗಳು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು: ಎರಡು ದೇಶಗಳ ನಡುವಿನ ಒಪ್ಪಂದ ಸಾಕೇ? ಪದವಿಗಳ ಮಾನ್ಯತೆಗಾಗಿ ಹಲವು ದೇಶಗಳು ಸೇರಿ ಮಾಡಿಕೊಂಡ ಯುನೆಸ್ಕೊ ಒಡಂಬಡಿಕೆಗೆ ಸೇರಬೇಕೇ? ಯುರೋಪಿನ ದೇಶಗಳು ತಮ್ಮ ಪದವಿಗಳ ರಚನೆಯನ್ನು ಸ್ವಯಂಪ್ರೇರಣೆಯಿಂದ ಹೊಂದಿಸಿಕೊಂಡ ಬೊಲೋನ್ಯಾ ಪ್ರಕ್ರಿಯೆಯಂಥದ್ದನ್ನು ನಾವೂ ಕಟ್ಟಿಕೊಳ್ಳಬಹುದೇ? ವ್ಯಾಪಾರ ಒಪ್ಪಂದದಲ್ಲಿ ಶಿಕ್ಷಣವನ್ನೂ ಸೇರಿಸುವುದು ಸರಿಯೇ?

ಇವು ಒಂದೇ ಕೆಲಸಕ್ಕಿರುವ ಬೇರೆ ಬೇರೆ ಉಪಕರಣಗಳಲ್ಲ. ಒಂದೊಂದೂ ಬೇರೊಂದು ತೊಂದರೆಯನ್ನು ನೀಗಲು ಹುಟ್ಟಿದ್ದು. ಆದ್ದರಿಂದ ಅವುಗಳನ್ನು ಸಾಲಾಗಿ ನಿಲ್ಲಿಸಿ ಅಂಕ ಕೊಡುವ ಮೊದಲು ನಮ್ಮ ತೊಂದರೆ ಯಾವುದೆಂದು ಖಚಿತಪಡಿಸಿಕೊಳ್ಳಬೇಕು.

ಮೊದಲು ಮಾನದಂಡಗಳು

ನಾನು ಯಾವುದೇ ಪ್ರಸ್ತಾವವನ್ನು ಐದು ಪ್ರಶ್ನೆಗಳಿಗೆ ಒಡ್ಡಿ ನೋಡುತ್ತೇನೆ. ಮೊದಲನೆಯದು, ಇದು ಯಾರ ತೊಂದರೆಯನ್ನು ಪರಿಹರಿಸುತ್ತದೆ ಎಂಬುದು. ಪ್ರಮಾಣಪತ್ರ ಹಿಡಿದು ಕೌಂಟರ್ ಮುಂದೆ ನಿಂತ ವಿದ್ಯಾರ್ಥಿಯ ತೊಂದರೆ ಬೇರೆ, ಹೊಸ ಪಾಲುದಾರರನ್ನು ಹುಡುಕುತ್ತಿರುವ ವಿಶ್ವವಿದ್ಯಾಲಯದ್ದು ಬೇರೆ, ತನ್ನ ಪದವಿಗಳಿಗೆ ಹೊರಗೆ ಗೌರವ ಸಿಗಬೇಕೆಂದು ಬಯಸುವ ಸರ್ಕಾರದ್ದು ಇನ್ನೂ ಬೇರೆ. ಎರಡನೆಯದು, ಅದು ನಮ್ಮನ್ನು ಎಷ್ಟು ಬಿಗಿಯಾಗಿ ಕಟ್ಟಿಹಾಕುತ್ತದೆ, ಅಂದರೆ ಮಾತು ತಪ್ಪಿದರೆ ಯಾರಾದರೂ ಪ್ರಶ್ನಿಸಬಹುದೇ ಎಂಬುದು. ಮೂರನೆಯದು ಕಾಲ: ಮಾತುಕತೆ ಮೊದಲಾದ ದಿನದಿಂದ ಮೊದಲ ವಿದ್ಯಾರ್ಥಿಗೆ ಪ್ರಯೋಜನವಾಗುವ ದಿನದವರೆಗೆ ಎಷ್ಟು ವರ್ಷ ಬೇಕು?

ನಾಲ್ಕನೆಯದು ಖರ್ಚು. ಇಲ್ಲಿ ಎಲ್ಲರೂ ಒಂದೇ ತಪ್ಪು ಮಾಡುತ್ತಾರೆ. ಸಹಿ ಹಾಕುವವರೆಗಿನ ಖರ್ಚನ್ನು ಮಾತ್ರ ಲೆಕ್ಕ ಹಾಕಿ, ಸಹಿಯ ನಂತರ ವರ್ಷ ವರ್ಷವೂ ಬರುವ ಖರ್ಚನ್ನು ಬಿಟ್ಟುಬಿಡುತ್ತಾರೆ. ವಿದೇಶದ ಪದವಿಯೊಂದನ್ನು ಓದಿ, ಅರ್ಥಮಾಡಿಕೊಂಡು, ನಿರ್ಧಾರ ಹೇಳಬಲ್ಲ ತರಬೇತಾದ ಸಿಬ್ಬಂದಿ ಇಲ್ಲದೆ ಯಾವ ಒಪ್ಪಂದವೂ ಕೆಲಸ ಮಾಡುವುದಿಲ್ಲ. ಐದನೆಯದು, ಹೊರಬರಬೇಕಾದಾಗ ಏನಾಗುತ್ತದೆ ಎಂಬುದು. ಸರ್ಕಾರಗಳು ಬದಲಾಗುತ್ತವೆ, ಸಂಬಂಧಗಳು ಹಳಸುತ್ತವೆ. ನಡುವೆ ಓದುತ್ತಿರುವ ವಿದ್ಯಾರ್ಥಿಗೆ ಮಾತ್ರ ಹಿಂದಿರುಗಿ ಹೋಗಲು ದಾರಿ ಇರುವುದಿಲ್ಲ.

ಈ ಐದಕ್ಕೂ ತಳದಲ್ಲಿರುವ ಸಂಗತಿಯೊಂದಿದೆ. ಸ್ವಂತ ದೇಶದಲ್ಲಿ ವಿಶ್ವವಿದ್ಯಾಲಯಗಳ ಗುಣಮಟ್ಟವನ್ನು ಸ್ವತಂತ್ರವಾಗಿ ಪರಿಶೀಲಿಸುವ, ಅದರ ಫಲಿತಾಂಶವನ್ನು ಬಹಿರಂಗವಾಗಿ ಪ್ರಕಟಿಸುವ ಸಂಸ್ಥೆ ಇಲ್ಲದಿದ್ದರೆ ಮುಂದಿನ ಯಾವ ಆಯ್ಕೆಯೂ ಗಟ್ಟಿಯಾಗಿ ನಿಲ್ಲದು. ಇನ್ನೊಬ್ಬರು ನಮ್ಮ ಪದವಿಯನ್ನು ನಂಬುವುದಕ್ಕೆ ಆಧಾರ ಬೇಕು. ಆ ಆಧಾರವನ್ನು ಒಪ್ಪಂದದ ಪಠ್ಯ ಒದಗಿಸುವುದಿಲ್ಲ.

ಎರಡು ದೇಶಗಳ ನಡುವಿನ ಒಪ್ಪಂದ

ಎಲ್ಲಕ್ಕಿಂತ ಬೇಗ ಕೈಗೆ ಸಿಗುವುದು ದ್ವಿಪಕ್ಷೀಯ ಒಪ್ಪಂದ. ಎರಡೇ ಪಕ್ಷಗಳಿರುವುದರಿಂದ ಮಾತುಕತೆ ಬೇಗ ಮುಗಿಯುತ್ತದೆ, ಎರಡೂ ಕಡೆಯ ಪದವಿಗಳ ಹೆಸರನ್ನು ಪಟ್ಟಿ ಮಾಡಿಯೇ ಬರೆಯಬಹುದು, ವಿದ್ಯಾರ್ಥಿಗಳ ಹರಿವು ಹೆಚ್ಚಿರುವ ಕಡೆ ತಕ್ಷಣ ಫಲ ಕಾಣುತ್ತದೆ. ಆಳಕ್ಕೆ ಹೋಗಲೂ ಇಲ್ಲಿ ಅವಕಾಶ ಹೆಚ್ಚು. ಫ್ರಾನ್ಸ್ ಮತ್ತು ಜರ್ಮನಿ 1997ರ ವೈಮಾರ್ ಒಪ್ಪಂದದ ಮೂಲಕ ಸ್ಥಾಪಿಸಿದ ಫ್ರಾಂಕೊ-ಜರ್ಮನ್ ವಿಶ್ವವಿದ್ಯಾಲಯ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಆಡಳಿತ ಕಚೇರಿ ಜಾರ್‌ಬ್ರುಕೆನ್ ನಗರದಲ್ಲಿದೆ, ಪಾಠ ನಡೆಯುವುದು ಎರಡೂ ದೇಶಗಳ ಸದಸ್ಯ ವಿಶ್ವವಿದ್ಯಾಲಯಗಳಲ್ಲಿ; ವಿದ್ಯಾರ್ಥಿ ಎರಡೂ ಕಡೆ ಓದಿ ಎರಡೂ ಕಡೆಯ ಪದವಿ ಪಡೆಯುತ್ತಾನೆ. ಖರ್ಚನ್ನು ಎರಡೂ ದೇಶಗಳು ಸಮನಾಗಿ ಹೊರುತ್ತವೆ. ಇಷ್ಟು ಗಾಢವಾದ ವ್ಯವಸ್ಥೆಯನ್ನು ಐವತ್ತು ದೇಶಗಳು ಒಟ್ಟಿಗೆ ಕೂತು ಕಟ್ಟಲಾರವು.

ಆದರೆ ಈ ದಾರಿ ಬೆಳೆದಂತೆ ಭಾರವಾಗುತ್ತದೆ. ಇಪ್ಪತ್ತು ದೇಶಗಳು ಪರಸ್ಪರ ಎಲ್ಲರೊಂದಿಗೂ ದ್ವಿಪಕ್ಷೀಯ ಒಪ್ಪಂದ ಮಾಡಿಕೊಳ್ಳಬೇಕಾದರೆ 190 ಒಪ್ಪಂದಗಳು ಬೇಕು. ಒಂದೊಂದರಲ್ಲೂ ಪದವಿಗಳ ಪಟ್ಟಿ, ಒಂದೊಂದಕ್ಕೂ ಪರಿಷ್ಕರಣೆಯ ದಿನಾಂಕ. ಪಟ್ಟಿಯಲ್ಲಿ ಹೆಸರಿಸಿದ ಪದವಿ ಬದಲಾದರೆ ಒಪ್ಪಂದ ಹಳೆಯದಾಗುತ್ತದೆ; ಹೊಸದಾಗಿ ಹುಟ್ಟಿದ ಪದವಿ ಪಟ್ಟಿಯಲ್ಲೇ ಇರುವುದಿಲ್ಲ. ಇದಕ್ಕಿಂತ ಹೆಚ್ಚಿನ ಅಪಾಯ ಬಲದ ಅಸಮತೋಲನದಲ್ಲಿದೆ. ದೊಡ್ಡ ದೇಶದ ಎದುರು ಚಿಕ್ಕ ದೇಶ ಒಂಟಿಯಾಗಿ ಕೂತಾಗ ಷರತ್ತುಗಳು ಯಾವ ಕಡೆ ವಾಲುತ್ತವೆ ಎಂದು ಬಿಡಿಸಿ ಹೇಳಬೇಕಿಲ್ಲ. ಜೊತೆಗೆ, ಸುದ್ದಿಯಾಗುವ ಬಹಳಷ್ಟು 'ಒಪ್ಪಂದಗಳು' ನಿಜಕ್ಕೂ ತಿಳಿವಳಿಕೆ ಪತ್ರಗಳು. ಅವು ಸದಾಶಯವನ್ನು ದಾಖಲಿಸುತ್ತವೆ, ವಿದ್ಯಾರ್ಥಿಗೆ ಹಕ್ಕನ್ನು ಕೊಡುವುದಿಲ್ಲ. ಓದುವಾಗ 'ಮಾನ್ಯ ಮಾಡತಕ್ಕದ್ದು' ಎಂದಿದೆಯೋ 'ಮಾನ್ಯತೆಯನ್ನು ಪ್ರೋತ್ಸಾಹಿಸಲಾಗುವುದು' ಎಂದಿದೆಯೋ ಎಂಬುದನ್ನು ಮೊದಲು ನೋಡಿ.

ಒಡಂಬಡಿಕೆಗಳು: ಪ್ರಾದೇಶಿಕ, ಜಾಗತಿಕ

ನನ್ನ ಮಟ್ಟಿಗೆ ಇಡೀ ಚರ್ಚೆಯ ಹೃದಯ ಇರುವುದು ಇಲ್ಲಿ. ಯುರೋಪ್ ಮಂಡಳಿ (ಇದು ಯುರೋಪಿಯನ್ ಒಕ್ಕೂಟವಲ್ಲ, ಬೇರೆ ಸಂಸ್ಥೆ) ಮತ್ತು ಯುನೆಸ್ಕೊ ಜೊತೆಯಾಗಿ ರೂಪಿಸಿ 1997ರ ಏಪ್ರಿಲ್‌ನಲ್ಲಿ ಅಂಗೀಕರಿಸಿದ ಲಿಸ್ಬನ್ ಮಾನ್ಯತಾ ಒಡಂಬಡಿಕೆ 1999ರಲ್ಲಿ ಜಾರಿಗೆ ಬಂತು. ಇದು ಮಾಡಿದ ಮುಖ್ಯ ಬದಲಾವಣೆ ಪುರಾವೆಯ ಹೊರೆಗೆ ಸಂಬಂಧಿಸಿದ್ದು. ಅದಕ್ಕೆ ಮುಂಚೆ ತನ್ನ ಪದವಿ ಸ್ಥಳೀಯ ಪದವಿಗೆ 'ಸಮಾನ' ಎಂದು ವಿದ್ಯಾರ್ಥಿಯೇ ತೋರಿಸಬೇಕಿತ್ತು. ಪಠ್ಯಕ್ರಮಗಳನ್ನು ವಿಷಯ ವಿಷಯವಾಗಿ ಹೋಲಿಸುತ್ತಾ ಕೂರುತ್ತಿದ್ದರು. ಲಿಸ್ಬನ್ ಒಡಂಬಡಿಕೆಯಲ್ಲಿ ಎರಡು ಪದವಿಗಳ ನಡುವೆ ಗಣನೀಯ ವ್ಯತ್ಯಾಸ ಇದೆಯೆಂದು ಮಾನ್ಯತೆ ನಿರಾಕರಿಸುವ ಕಚೇರಿಯೇ ತೋರಿಸಬೇಕು. ಸಣ್ಣಪುಟ್ಟ ಭಿನ್ನತೆ ನಿರಾಕರಣೆಗೆ ಕಾರಣವಾಗದು. ಅರ್ಜಿಯನ್ನು ನ್ಯಾಯವಾಗಿ ಪರಿಶೀಲಿಸಬೇಕು, ಸಕಾಲದಲ್ಲಿ ತೀರ್ಮಾನಿಸಬೇಕು, ನಿರಾಕರಿಸಿದರೆ ಕಾರಣ ಹೇಳಬೇಕು, ಮೇಲ್ಮನವಿಗೆ ಅವಕಾಶ ಇರಬೇಕು. ಒಡಂಬಡಿಕೆಗೆ ಪೂರಕವಾದ ಶಿಫಾರಸು ಈ ಅವಧಿಯನ್ನು ನಾಲ್ಕು ತಿಂಗಳಿಗೆ ಮಿತಿಗೊಳಿಸುತ್ತದೆ. ಇಂದು 50ಕ್ಕೂ ಹೆಚ್ಚು ದೇಶಗಳು ಇದಕ್ಕೆ ಬದ್ಧವಾಗಿವೆ, ಅವುಗಳಲ್ಲಿ ಕೆಲವು ಯುರೋಪಿನ ಹೊರಗಿನವು.

ಇತರ ಪ್ರದೇಶಗಳೂ ಇದೇ ಹಾದಿಯಲ್ಲಿ ತಮ್ಮ ಹಳೆಯ ಒಡಂಬಡಿಕೆಗಳನ್ನು ಹೊಸದಾಗಿ ಬರೆದವು. ಏಷ್ಯಾ-ಪೆಸಿಫಿಕ್ ದೇಶಗಳ 1983ರ ಬ್ಯಾಂಕಾಕ್ ಒಡಂಬಡಿಕೆಯ ಜಾಗಕ್ಕೆ 2011ರಲ್ಲಿ ಟೋಕಿಯೊ ಒಡಂಬಡಿಕೆ ಬಂತು. ಆಫ್ರಿಕಾದ 1981ರ ಅರೂಷಾ ಒಡಂಬಡಿಕೆಯನ್ನು 2014ರಲ್ಲಿ ಅಡಿಸ್ ಅಬಾಬಾದಲ್ಲಿ ಪರಿಷ್ಕರಿಸಲಾಯಿತು. ಲ್ಯಾಟಿನ್ ಅಮೆರಿಕ ಮತ್ತು ಕೆರಿಬಿಯನ್ ದೇಶಗಳು 2019ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಹೊಸ ಪಠ್ಯಕ್ಕೆ ಒಪ್ಪಿದವು. ಅದೇ ವರ್ಷದ ನವೆಂಬರ್‌ನಲ್ಲಿ ಯುನೆಸ್ಕೊ ಮಹಾಧಿವೇಶನ ಜಾಗತಿಕ ಒಡಂಬಡಿಕೆಯನ್ನು ಅಂಗೀಕರಿಸಿತು. 20 ದೇಶಗಳ ಅನುಮೋದನೆ, ಅಂದರೆ ತಾವು ಬದ್ಧರೆಂಬ ವಿಧಿವತ್ತಾದ ಒಪ್ಪಿಗೆ, ಸಿಕ್ಕ ನಂತರ, 2023ರ ಮಾರ್ಚ್ 5ರಂದು ಅದು ಜಾರಿಗೆ ಬಂತು.

ಪ್ರಾದೇಶಿಕವೋ ಜಾಗತಿಕವೋ ಎಂಬ ಗೊಂದಲಕ್ಕೆ ಉತ್ತರ ಕೊಡುವುದು ಕಷ್ಟವಲ್ಲ. ಜಾಗತಿಕ ಒಡಂಬಡಿಕೆ ಪ್ರಾದೇಶಿಕ ಒಡಂಬಡಿಕೆಗಳನ್ನು ಅಳಿಸಿಹಾಕುವುದಿಲ್ಲ, ಅವು ತಲುಪದ ಜಾಗವನ್ನು ತುಂಬುತ್ತದೆ. ನಿಮ್ಮ ವಿದ್ಯಾರ್ಥಿಗಳು ಹೆಚ್ಚಾಗಿ ನೆರೆಹೊರೆಯ ದೇಶಗಳಿಗೆ ಹೋಗುತ್ತಾರಾದರೆ ಪ್ರಾದೇಶಿಕ ಒಡಂಬಡಿಕೆಯೇ ಮೊದಲು. ಅದರ ಸಮಿತಿಗಳಲ್ಲಿ ಪರಿಚಯದ ಮುಖಗಳಿರುತ್ತವೆ, ಮಾಹಿತಿ ಬೇಗ ಸಿಗುತ್ತದೆ. ಅವರು ಖಂಡ ದಾಟಿ ಹೋಗುವವರಾದರೆ, ಅಥವಾ ನಿಮ್ಮಲ್ಲಿಗೆ ದೂರದ ಖಂಡಗಳಿಂದ ಬರುವವರೇ ಹೆಚ್ಚಾದರೆ, ಜಾಗತಿಕ ಒಡಂಬಡಿಕೆಯಿಲ್ಲದೆ ಸಾಗದು. ಆನ್‌ಲೈನ್ ಕಲಿಕೆಯನ್ನೂ ಅರ್ಧಕ್ಕೆ ನಿಂತ ಓದನ್ನೂ ಅದು ಗಣನೆಗೆ ತೆಗೆದುಕೊಳ್ಳುವುದು ಹೆಚ್ಚಿನ ಅನುಕೂಲ.

ಇನ್ನು ಕಾಲದ ಮಾತು. ಟೋಕಿಯೊ ಒಡಂಬಡಿಕೆ ಜಾರಿಗೆ ಬರಲು ಐದೇ ದೇಶಗಳ ಅನುಮೋದನೆ ಸಾಕಾಗಿತ್ತು. ಆ ಐದು ಸಿಕ್ಕಿ ಅದು ಜಾರಿಯಾದದ್ದು 2018ರ ಫೆಬ್ರವರಿಯಲ್ಲಿ. ಅಂದರೆ ಆರು ವರ್ಷ ಮೀರಿತು. ಒಕ್ಕೂಟ ವ್ಯವಸ್ಥೆಯ ದೇಶಗಳಲ್ಲಿ ಇದು ಇನ್ನೂ ನಿಧಾನ. ಕೆನಡಾದಲ್ಲಿ ಶಿಕ್ಷಣ ಪ್ರಾಂತ್ಯಗಳ ಅಧಿಕಾರಕ್ಕೆ ಸೇರಿದ್ದು. 1997ರಲ್ಲೇ ಲಿಸ್ಬನ್ ಒಡಂಬಡಿಕೆಗೆ ಸಹಿ ಹಾಕಿದ ಆ ದೇಶ ಅದನ್ನು ಅನುಮೋದಿಸಿದ್ದು 2018ರಲ್ಲಿ. ಅಮೆರಿಕ ಸಂಯುಕ್ತ ಸಂಸ್ಥಾನ ಸಹಿ ಹಾಕಿಯೂ ಅನುಮೋದಿಸಿಲ್ಲ. ಆದ್ದರಿಂದ ಮುಂದಿನ ಶೈಕ್ಷಣಿಕ ವರ್ಷಕ್ಕೆ ಪರಿಹಾರ ಬೇಕೆನ್ನುವವರಿಗೆ ಒಡಂಬಡಿಕೆ ಉತ್ತರವಲ್ಲ.

ಖರ್ಚಿನ ಬಾಬತ್ತಿನಲ್ಲಿ ಒಡಂಬಡಿಕೆ ಸೋವಿಯಾಗಿ ಕಾಣುತ್ತದೆ, ಆದರೆ ಪೂರ್ತಿ ಸೋವಿಯಲ್ಲ. ಸದಸ್ಯ ದೇಶ ತನ್ನ ಶಿಕ್ಷಣ ವ್ಯವಸ್ಥೆಯ ಬಗ್ಗೆ ಹೊರಗಿನವರಿಗೆ ಮಾಹಿತಿ ಕೊಡುವ, ಹೊರಗಿನ ಪದವಿಗಳ ಬಗ್ಗೆ ಒಳಗಿನವರಿಗೆ ಸಲಹೆ ಕೊಡುವ ರಾಷ್ಟ್ರೀಯ ಕೇಂದ್ರವೊಂದನ್ನು ನಡೆಸಬೇಕು. ಅದರಲ್ಲಿ ಕೆಲವೇ ಜನರಿದ್ದರೂ ಸಾಕು, ಆದರೆ ಅವರು ಬಲ್ಲವರಾಗಿರಬೇಕು ಮತ್ತು ಎರಡು ವರ್ಷಕ್ಕೊಮ್ಮೆ ವರ್ಗವಾಗುವವರಾಗಿರಬಾರದು. ಈ ಕೇಂದ್ರಕ್ಕೆ ಹಣ ಮೀಸಲಿಡದೆ ಅನುಮೋದನೆಗೆ ಹೋಗುವುದು ವಿದ್ಯಾರ್ಥಿಗಳಿಗೆ ಮಾಡುವ ಅನ್ಯಾಯ ಎಂದೇ ನಾನು ಭಾವಿಸುತ್ತೇನೆ, ಏಕೆಂದರೆ ಕಾಗದದ ಮೇಲೆ ಹಕ್ಕು ಇದ್ದು ಅದನ್ನು ನಡೆಸಿಕೊಡುವ ಮೇಜು ಇಲ್ಲದಿದ್ದಾಗ ಅರ್ಜಿದಾರನ ಅಲೆದಾಟ ಮೊದಲಿಗಿಂತ ಹೆಚ್ಚುತ್ತದೆ.

ಲಿಸ್ಬನ್ ಒಡಂಬಡಿಕೆಯ ಏಳನೆಯ ವಿಧಿ ಇದನ್ನು ಚೆನ್ನಾಗಿ ತೋರಿಸಿಕೊಟ್ಟಿದೆ. ದಾಖಲೆಗಳನ್ನು ಕಳೆದುಕೊಂಡ ನಿರಾಶ್ರಿತರ ವಿದ್ಯಾರ್ಹತೆಯನ್ನೂ ನ್ಯಾಯವಾಗಿ, ಬೇಗ ಪರಿಶೀಲಿಸುವ ವಿಧಾನವನ್ನು ಪ್ರತಿ ದೇಶವೂ ರೂಪಿಸಬೇಕೆಂದು ಅದು ಹೇಳುತ್ತದೆ. ಒಡಂಬಡಿಕೆ ಜಾರಿಯಾಗಿ ಹದಿನೇಳು ವರ್ಷಗಳ ನಂತರ, 2016ರಲ್ಲಿ ಪರಿಶೀಲಿಸಿದಾಗ ಬಹುಪಾಲು ದೇಶಗಳು ಈ ವಿಷಯದಲ್ಲಿ ಹೆಚ್ಚೇನೂ ಮಾಡಿರಲಿಲ್ಲ. ಆದರೆ ನಾರ್ವೆ ಸಂದರ್ಶನ ಮತ್ತು ಕೈಯಲ್ಲಿರುವ ಅಲ್ಪಸ್ವಲ್ಪ ದಾಖಲೆಗಳ ಆಧಾರದಲ್ಲಿ ವಿದ್ಯಾರ್ಹತೆಯನ್ನು ಅಂದಾಜಿಸುವ ಪದ್ಧತಿಯನ್ನು ಬೆಳೆಸಿಕೊಂಡಿತ್ತು. ಅದರ ಮೇಲೆಯೇ ಯುರೋಪ್ ಮಂಡಳಿ 2017ರಲ್ಲಿ ನಿರಾಶ್ರಿತರ ವಿದ್ಯಾರ್ಹತಾ ಪಾಸ್‌ಪೋರ್ಟ್ ಯೋಜನೆಯನ್ನು ಆರಂಭಿಸಿತು. ವಿಧಿಯ ಮಾತುಗಳು ಎಲ್ಲ ದೇಶಗಳಿಗೂ ಒಂದೇ ಆಗಿದ್ದವು. ಅದನ್ನು ನಡೆಸಿಕೊಡುವ ಪರಿಣತರು ಎಲ್ಲಿದ್ದರೋ ಅಲ್ಲಿ ಅದು ಜೀವ ಪಡೆಯಿತು.

ಬೊಲೋನ್ಯಾ: ಕಾನೂನಿನ ಬಲವಿಲ್ಲದ ದೊಡ್ಡ ಬದಲಾವಣೆ

1998ರಲ್ಲಿ ಫ್ರಾನ್ಸ್, ಜರ್ಮನಿ, ಇಟಲಿ, ಬ್ರಿಟನ್ ದೇಶಗಳ ಸಚಿವರು ಪ್ಯಾರಿಸ್‌ನ ಸೊರ್ಬಾನ್‌ನಲ್ಲಿ ಸೇರಿ ಒಂದು ಹೇಳಿಕೆಗೆ ಸಹಿ ಹಾಕಿದರು. ಮರುವರ್ಷ ಜೂನ್‌ನಲ್ಲಿ ಬೊಲೋನ್ಯಾದಲ್ಲಿ 29 ದೇಶಗಳು ಅದನ್ನು ಮುಂದುವರಿಸಿದವು. ಅದು ಒಡಂಬಡಿಕೆಯಾಗಿರಲಿಲ್ಲ, ಯಾವ ನ್ಯಾಯಾಲಯವೂ ಅದನ್ನು ಜಾರಿ ಮಾಡಲಾರದು. ಆದರೂ ಹನ್ನೊಂದು ವರ್ಷಗಳಲ್ಲಿ, 2010ರ ಹೊತ್ತಿಗೆ ಯುರೋಪಿನ ಉನ್ನತ ಶಿಕ್ಷಣ ವಲಯ ಘೋಷಣೆಯಾಯಿತು. ಪದವಿ, ಸ್ನಾತಕೋತ್ತರ, ಡಾಕ್ಟರೇಟ್ ಎಂಬ ಮೂರು ಹಂತಗಳು, ವರ್ಷಕ್ಕೆ 60 ಕ್ರೆಡಿಟ್, ಒಂದು ಕ್ರೆಡಿಟ್‌ಗೆ 25ರಿಂದ 30 ಗಂಟೆಗಳ ಕಲಿಕೆ, ಪದವಿಯ ಜೊತೆಗೇ ಅದರ ಮಟ್ಟ ಮತ್ತು ವಿಷಯಗಳನ್ನು ತಿಳಿಸುವ ವಿವರಣಾ ಪತ್ರ, 2005ರಲ್ಲಿ ರೂಪಿಸಿ 2015ರಲ್ಲಿ ಪರಿಷ್ಕರಿಸಿದ ಗುಣಮಟ್ಟದ ಸಮಾನ ಮಾರ್ಗಸೂಚಿಗಳು, ಇಷ್ಟೂ ಅಲ್ಲಿ ನೆಲೆಗೊಂಡವು.

ಕಾನೂನಿನ ಬಲವಿಲ್ಲದೆ ಇದು ಹೇಗೆ ಸಾಧ್ಯವಾಯಿತು ಎಂಬುದೇ ಆಯ್ಕೆ ಮಾಡುವವರು ಗಮನಿಸಬೇಕಾದ ಸಂಗತಿ. ಎರಡು ಮೂರು ವರ್ಷಕ್ಕೊಮ್ಮೆ ಸಚಿವರು ಸೇರುತ್ತಿದ್ದರು, ಪ್ರತಿ ದೇಶದ ಪ್ರಗತಿಯ ವರದಿ ಬಹಿರಂಗವಾಗುತ್ತಿತ್ತು, ಹಿಂದುಳಿದವರಿಗೆ ನೆರೆಯವರ ಎದುರು ಉತ್ತರಿಸಬೇಕಾದ ಸಂಕೋಚ ಇತ್ತು. ಬಹಳ ದೇಶಗಳ ಸರ್ಕಾರಗಳು ತಾವು ಮನೆಯಲ್ಲಿ ಮಾಡಬೇಕೆಂದಿದ್ದ ಸುಧಾರಣೆಗೆ ಹೊರಗಿನ ಸಮರ್ಥನೆಯಾಗಿಯೂ ಇದನ್ನು ಬಳಸಿಕೊಂಡವು. ಬದಲಾವಣೆಯ ಬಯಕೆ ಒಳಗಡೆ ಮೊದಲೇ ಇದ್ದಾಗ ಮಾತ್ರ ಈ ಮಾದರಿ ವೇಗ ಪಡೆಯುತ್ತದೆ.

ಬೆಲೆ ತೆತ್ತವರು ವಿಶ್ವವಿದ್ಯಾಲಯಗಳು. ಜರ್ಮನಿಯಂಥ ದೇಶಗಳಲ್ಲಿ ದೀರ್ಘಾವಧಿಯ ಹಳೆಯ ಪದವಿಗಳನ್ನು ಒಡೆದು ಮೂರು ವರ್ಷದ ಪದವಿ, ನಂತರ ಸ್ನಾತಕೋತ್ತರ ಎಂದು ಮರುಜೋಡಿಸಬೇಕಾಯಿತು. ಹಳೆಯ ಪಠ್ಯವನ್ನೇ ಕಡಿಮೆ ವರ್ಷಗಳಿಗೆ ತುರುಕಿದ ಕಡೆ ವಿದ್ಯಾರ್ಥಿಗಳ ಮೇಲೆ ಪರೀಕ್ಷೆಗಳ ಹೊರೆ ಹೆಚ್ಚಿತು. 2009ರಲ್ಲಿ ಜರ್ಮನಿ ಮತ್ತು ಆಸ್ಟ್ರಿಯಾದ ವಿದ್ಯಾರ್ಥಿಗಳು ಬೀದಿಗಿಳಿದು ಪ್ರತಿಭಟಿಸಿದರು. ಗುರಿಗಳೆಲ್ಲ ಈಡೇರಲಿಲ್ಲ ಎಂಬುದನ್ನೂ ಹೇಳಬೇಕು. 2020ರ ಹೊತ್ತಿಗೆ ಪದವೀಧರರಲ್ಲಿ ಕನಿಷ್ಠ ಶೇ 20ರಷ್ಟು ಮಂದಿ ವಿದೇಶದಲ್ಲಿ ಸ್ವಲ್ಪ ಕಾಲವಾದರೂ ಓದಿರಬೇಕೆಂದು 2009ರಲ್ಲಿ ಸಚಿವರು ಇಟ್ಟುಕೊಂಡ ಗುರಿಯನ್ನು ಒಟ್ಟಾರೆ ವಲಯ ತಲುಪಲಿಲ್ಲ. ಜಾರಿಯಲ್ಲಿ ದೇಶ ದೇಶಗಳ ನಡುವೆ ಅಂತರ ಉಳಿದದ್ದರಿಂದ, ಮೂರು ಹಂತದ ಪದವಿ ರಚನೆ, ಲಿಸ್ಬನ್ ಒಡಂಬಡಿಕೆಯ ಪಾಲನೆ, ಗುಣಮಟ್ಟ ಪರಿಶೀಲನೆ ಈ ಮೂರಕ್ಕೂ ದೇಶಗಳು ಒಂದಕ್ಕೊಂದು ನೆರವಾಗುವ ಪ್ರತ್ಯೇಕ ಗುಂಪುಗಳನ್ನು 2018ರಲ್ಲಿ ರಚಿಸಬೇಕಾಯಿತು. ಬೊಲೋನ್ಯಾ ತನ್ನ ಮೂರು ಮುಖ್ಯ ಬದ್ಧತೆಗಳಲ್ಲಿ ಒಂದನ್ನಾಗಿ ಲಿಸ್ಬನ್ ಒಡಂಬಡಿಕೆಯನ್ನೇ ಇಟ್ಟುಕೊಂಡಿದೆ ಎಂಬುದನ್ನು ಗಮನಿಸಿ. ಎರಡರಲ್ಲಿ ಯಾವುದು ಎಂದು ಕೇಳುವವರಿಗೆ ಅದೇ ಉತ್ತರ: ಸ್ವಯಂಪ್ರೇರಿತ ಪ್ರಕ್ರಿಯೆಗೂ ಕೆಳಗೆ ಕಾನೂನಿನ ತಳಪಾಯ ಬೇಕಾಯಿತು.

ಬೇರೆ ಪ್ರದೇಶಗಳು ಇದನ್ನು ತಮ್ಮ ಅಳತೆಗೆ ಹೊಂದಿಸಿಕೊಂಡಿವೆ. ಆಗ್ನೇಯ ಏಷ್ಯಾದಲ್ಲಿ 2010ರಲ್ಲಿ ಮಲೇಷ್ಯಾ, ಇಂಡೊನೇಷ್ಯಾ, ಥಾಯ್ಲೆಂಡ್ ಮೂರೇ ದೇಶಗಳು ಆಯ್ದ ಕೆಲವು ವಿಷಯಗಳಲ್ಲಿ ವಿದ್ಯಾರ್ಥಿ ವಿನಿಮಯವನ್ನು ಪ್ರಾಯೋಗಿಕವಾಗಿ ಆರಂಭಿಸಿ, ಆಮೇಲೆ ಇತರರನ್ನು ಸೇರಿಸಿಕೊಂಡವು. ಪೂರ್ವ ಆಫ್ರಿಕಾ ಸಮುದಾಯ ಮೊದಲು ವಿದ್ಯಾರ್ಹತೆಗಳ ಪ್ರಾದೇಶಿಕ ಚೌಕಟ್ಟನ್ನು ರೂಪಿಸಿ, 2017ರಲ್ಲಿ ಸಮಾನ ಉನ್ನತ ಶಿಕ್ಷಣ ವಲಯವನ್ನು ಘೋಷಿಸಿತು. ಹಣ ಕಡಿಮೆ ಇರುವ ಪ್ರದೇಶಗಳಿಗೆ ಮಲೇಷ್ಯಾ-ಇಂಡೊನೇಷ್ಯಾ-ಥಾಯ್ಲೆಂಡ್ ಹಿಡಿದ ಕ್ರಮವೇ ನನಗೆ ಹೆಚ್ಚು ಅನುಕರಣೀಯವಾಗಿ ಕಾಣುತ್ತದೆ: ಕೆಲವೇ ದೇಶ, ಕೆಲವೇ ವಿಷಯ, ಕಲಿತದ್ದನ್ನು ಬರೆದಿಟ್ಟುಕೊಂಡು ಮುಂದಿನ ಹೆಜ್ಜೆ.

ಹಣದ ಜೊತೆ ಬರುವ ಸಹಕಾರ

ಯುರೋಪಿನಲ್ಲಿ ವಿದ್ಯಾರ್ಥಿ ವಿನಿಮಯಕ್ಕೆ ಹಣ ಕೊಡುವ ಎರಾಸ್ಮಸ್ ಕಾರ್ಯಕ್ರಮ 1987ರಲ್ಲಿ 11 ದೇಶಗಳ 3,244 ವಿದ್ಯಾರ್ಥಿಗಳೊಂದಿಗೆ ಶುರುವಾಯಿತು. 2021ರಿಂದ 2027ರ ಅವಧಿಗೆ ಅದರ ಮುಂದುವರಿಕೆಯಾದ ಎರಾಸ್ಮಸ್ ಪ್ಲಸ್‌ನ ಆಯವ್ಯಯ ಸುಮಾರು 2,600 ಕೋಟಿ ಯೂರೊ. ಯಾವ ಘೋಷಣೆಯೂ ಮಾಡದ ಕೆಲಸವನ್ನು ವಿದ್ಯಾರ್ಥಿವೇತನ ಮಾಡುತ್ತದೆ: ಬಡ ಮನೆಯ ವಿದ್ಯಾರ್ಥಿಯೂ ಹೊರಡುತ್ತಾನೆ, ಅವನು ಹಿಂತಿರುಗಿ ಬಂದಾಗ ಅವನ ಕ್ರೆಡಿಟ್‌ಗಳನ್ನು ಏನು ಮಾಡಬೇಕೆಂದು ವಿಭಾಗದ ಮುಖ್ಯಸ್ಥರು ಯೋಚಿಸಲೇಬೇಕಾಗುತ್ತದೆ. ಮೇಲೆ ಹೇಳಿದ ಕ್ರೆಡಿಟ್ ಪದ್ಧತಿ ಹುಟ್ಟಿದ್ದೇ ಎರಾಸ್ಮಸ್‌ನ ಈ ಅಗತ್ಯದಿಂದ.

ದೋಷವೂ ಹಣದಲ್ಲಿಯೇ ಇದೆ. ಸಂಬಂಧ ಕೆಟ್ಟರೆ ಮೊದಲು ನಿಲ್ಲುವುದು ಅದೇ. 2014ರ ಫೆಬ್ರವರಿಯಲ್ಲಿ ಸ್ವಿಟ್ಜರ್ಲೆಂಡಿನ ಜನಮತಗಣನೆ ವಲಸೆಗೆ ಮಿತಿ ಹಾಕಬೇಕೆಂದು ತೀರ್ಪಿತ್ತ ಬಳಿಕ ಆ ದೇಶ ಎರಾಸ್ಮಸ್ ಪ್ಲಸ್‌ನ ಪೂರ್ಣ ಸದಸ್ಯತ್ವ ಪಡೆಯಲಾಗದೆ, ಸ್ವಂತ ಹಣದಲ್ಲಿ ಪರ್ಯಾಯ ವಿನಿಮಯ ಕಾರ್ಯಕ್ರಮ ನಡೆಸಬೇಕಾಯಿತು. ಹಂಗೆರಿಯಲ್ಲಿ ಸಾರ್ವಜನಿಕ ಟ್ರಸ್ಟುಗಳ ಅಡಿಯಲ್ಲಿರುವ ವಿಶ್ವವಿದ್ಯಾಲಯಗಳ ಜೊತೆ ಹೊಸ ಹಣಕಾಸು ಬದ್ಧತೆಗಳನ್ನು ಯುರೋಪಿಯನ್ ಒಕ್ಕೂಟ 2022ರ ಡಿಸೆಂಬರ್‌ನಲ್ಲಿ ತಡೆಯಿತು. ಬ್ರಿಟನ್ ಯುರೋಪಿಯನ್ ಒಕ್ಕೂಟದಿಂದ ಹೊರಬಂದಾಗ ಎರಾಸ್ಮಸ್ ಪ್ಲಸ್ ಅನ್ನೂ ಬಿಟ್ಟು, 2021ರಲ್ಲಿ ಟ್ಯೂರಿಂಗ್ ಯೋಜನೆ ತಂದಿತು. ಅದು ಮುಖ್ಯವಾಗಿ ತನ್ನ ವಿದ್ಯಾರ್ಥಿಗಳನ್ನು ಹೊರಗೆ ಕಳಿಸುವುದಕ್ಕೆ ಮಾತ್ರ ಹಣ ಕೊಡುವ ಯೋಜನೆ. ಆದರೆ ಅದೇ ಬ್ರಿಟನ್ ಬೊಲೋನ್ಯಾ ಪ್ರಕ್ರಿಯೆಯಲ್ಲೂ ಲಿಸ್ಬನ್ ಒಡಂಬಡಿಕೆಯಲ್ಲೂ ಮುಂದುವರಿಯಿತು. ಅಲ್ಲಿನ ಪದವಿಗಳ ಶೈಕ್ಷಣಿಕ ಮಾನ್ಯತೆಗಿದ್ದ ಆಧಾರ ತಪ್ಪಲಿಲ್ಲ. ಹೊರಬರುವಾಗ ಏನಾಗುತ್ತದೆ ಎಂಬ ಐದನೆಯ ಮಾನದಂಡವನ್ನು ನಾನು ಒತ್ತಿ ಹೇಳುವುದಕ್ಕೆ ಈ ಒಂದೇ ಉದಾಹರಣೆ ಸಾಕು: ಹಣದ ಎಳೆ ಕಡಿಯಿತು, ಮಾನ್ಯತೆಯ ಎಳೆ ಉಳಿಯಿತು.

ವ್ಯಾಪಾರ ಒಪ್ಪಂದದ ದಾರಿ

ವಿಶ್ವ ವ್ಯಾಪಾರ ಸಂಸ್ಥೆಯ ಸೇವಾ ವ್ಯಾಪಾರ ಒಪ್ಪಂದ, ಅಂದರೆ ಗ್ಯಾಟ್ಸ್, 1995ರಿಂದ ಜಾರಿಯಲ್ಲಿದೆ. ಆನ್‌ಲೈನ್ ಪಾಠ, ವಿದೇಶಕ್ಕೆ ಹೋಗಿ ಓದುವುದು, ವಿದೇಶಿ ವಿಶ್ವವಿದ್ಯಾಲಯದ ಶಾಖೆ, ಅಧ್ಯಾಪಕರ ಓಡಾಟ ಈ ನಾಲ್ಕೂ ಅದರ ಲೆಕ್ಕದಲ್ಲಿ ಸೇವೆಯ ನಾಲ್ಕು ವಿಧಾನಗಳು. ಸರ್ಕಾರ ವಾಣಿಜ್ಯ ಉದ್ದೇಶವಿಲ್ಲದೆ, ಪೈಪೋಟಿಯೂ ಇಲ್ಲದೆ ಕೊಡುವ ಸೇವೆಗಳಿಗೆ ವಿನಾಯಿತಿ ಇದೆ. ಆದರೆ ಸರ್ಕಾರಿ ವಿಶ್ವವಿದ್ಯಾಲಯವೂ ಶುಲ್ಕ ವಸೂಲಿ ಮಾಡುವ, ಖಾಸಗಿಯವರೂ ಜೊತೆಗಿರುವ ವ್ಯವಸ್ಥೆಯಲ್ಲಿ ಆ ವಿನಾಯಿತಿಯ ಗೆರೆ ಎಲ್ಲಿ ಬೀಳುತ್ತದೆ ಎಂಬುದು ವಿವಾದದ ವಿಷಯ. 2001ರಲ್ಲಿಯೇ ಯುರೋಪ್ ಮತ್ತು ಉತ್ತರ ಅಮೆರಿಕದ ವಿಶ್ವವಿದ್ಯಾಲಯಗಳ ಸಂಘಟನೆಗಳು ಉನ್ನತ ಶಿಕ್ಷಣವನ್ನು ಗ್ಯಾಟ್ಸ್‌ಗೆ ಒಳಪಡಿಸಬಾರದೆಂದು ಜಂಟಿ ಹೇಳಿಕೆ ನೀಡಿದ್ದವು.

ಈ ದಾರಿಗೆ ಇರುವಷ್ಟು ಕಾನೂನಿನ ಬಿಗಿ ಬೇರೆ ಯಾವುದಕ್ಕೂ ಇಲ್ಲ. ಹಂಗೆರಿ 2017ರಲ್ಲಿ ವಿದೇಶಿ ವಿಶ್ವವಿದ್ಯಾಲಯಗಳ ಮೇಲೆ ಹೊಸ ಷರತ್ತುಗಳನ್ನು ಹೇರಿ ಕಾನೂನು ಮಾಡಿತು. ಬುಡಾಪೆಸ್ಟ್‌ನಲ್ಲಿದ್ದ ಸೆಂಟ್ರಲ್ ಯುರೋಪಿಯನ್ ಯೂನಿವರ್ಸಿಟಿ ತನ್ನ ಬೋಧನೆಯನ್ನು ವಿಯೆನ್ನಾಕ್ಕೆ ಸಾಗಿಸಬೇಕಾಯಿತು. 2020ರ ಅಕ್ಟೋಬರ್‌ನಲ್ಲಿ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ ಆ ಕಾನೂನು ಗ್ಯಾಟ್ಸ್ ಬದ್ಧತೆಗಳನ್ನು ಮುರಿದಿದೆ ಎಂದು ತೀರ್ಪು ಕೊಟ್ಟಿತು. ಶೈಕ್ಷಣಿಕ ಸ್ವಾತಂತ್ರ್ಯವನ್ನು ಪ್ರೀತಿಸುವವರಿಗೆ ಈ ತೀರ್ಪು ಸಮಾಧಾನ ತಂದಿತು. ಆದರೆ ಅದೇ ಆಯುಧ ಬೇರೊಂದು ದೇಶ ಕಳಪೆ ವಿದೇಶಿ ಸಂಸ್ಥೆಗಳನ್ನು ನಿಯಂತ್ರಿಸಲು ಹೊರಟಾಗ ಅದರ ವಿರುದ್ಧವೂ ತಿರುಗಬಹುದು. ದೇಶವೊಂದು ಗ್ಯಾಟ್ಸ್ ಅಡಿಯಲ್ಲಿ ಒಮ್ಮೆ ತನ್ನ ಪಟ್ಟಿಗೆ ಸೇರಿಸಿದ ಬದ್ಧತೆಯನ್ನು ಹಿಂತೆಗೆದುಕೊಳ್ಳಬೇಕಾದರೆ ಇತರ ಸದಸ್ಯರಿಗೆ ಬೇರೆ ರೂಪದಲ್ಲಿ ಪರಿಹಾರ ಕೊಡಬೇಕು. ವಿದೇಶಿ ವಿಶ್ವವಿದ್ಯಾಲಯಗಳನ್ನು ಬರಮಾಡಿಕೊಳ್ಳುವ ಇಚ್ಛೆಯಿದ್ದರೆ ಅದನ್ನು ದೇಶದ ಕಾನೂನಿನಲ್ಲಿಯೇ, ತಿದ್ದಲು ಬರುವಂತೆ ಮಾಡಿಕೊಳ್ಳಿ ಎಂಬುದು ನನ್ನ ಸ್ಪಷ್ಟ ಸಲಹೆ. ಗುಣಮಟ್ಟದ ವಿಷಯದಲ್ಲಿ ಯುನೆಸ್ಕೊ ಮತ್ತು ಒಇಸಿಡಿ (ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆ) 2005ರಲ್ಲಿ ಹೊರತಂದ ಮಾರ್ಗಸೂಚಿಗಳು, ಬಂಧನಕಾರಿ ಅಲ್ಲದಿದ್ದರೂ, ಅಂಥ ಕಾನೂನು ಬರೆಯಲು ಒಳ್ಳೆಯ ಆಧಾರ.

ಇನ್ನೆರಡು ದಾರಿಗಳು

ವೃತ್ತಿಪರ ಪದವಿಗಳಿಗೆ ಪ್ರತ್ಯೇಕ ದಾರಿಯೊಂದಿದೆ. ಎಂಜಿನಿಯರಿಂಗ್‌ಗೆ ಸಂಬಂಧಿಸಿದ ವಾಷಿಂಗ್ಟನ್ ಅಕಾರ್ಡ್ 1989ರಲ್ಲಿ ಆರು ದೇಶಗಳ ವೃತ್ತಿ ಸಂಸ್ಥೆಗಳ ನಡುವೆ ಆಯಿತು, ಸರ್ಕಾರಗಳ ನಡುವೆ ಅಲ್ಲ. ಪರಸ್ಪರರ ಪರಿಶೀಲನಾ ಪದ್ಧತಿಯನ್ನು ಒಪ್ಪಿಕೊಳ್ಳುವ ಈ ವ್ಯವಸ್ಥೆ ಒಂದು ವಿಷಯಕ್ಕೆ ಸೀಮಿತವಾದರೂ ಆ ವಿಷಯದಲ್ಲಿ ಆಳವಾದದ್ದು. ವೃತ್ತಿ ಮಾಡುವ ಪರವಾನಗಿಯನ್ನು ಅದು ತಾನೇ ಕೊಡುವುದಿಲ್ಲ ಎಂಬುದನ್ನು ವಿದ್ಯಾರ್ಥಿಗಳಿಗೆ ಮೊದಲೇ ತಿಳಿಸಬೇಕು.

ತೀರ ಚಿಕ್ಕ ದೇಶಗಳಿಗೆ ಜಂಟಿ ವಿಶ್ವವಿದ್ಯಾಲಯವೂ ಒಂದು ದಾರಿ. 1948ರಲ್ಲಿ ಆರಂಭವಾದ ವೆಸ್ಟ್ ಇಂಡೀಸ್ ವಿಶ್ವವಿದ್ಯಾಲಯ, 1968ರಲ್ಲಿ ಆರಂಭವಾಗಿ 12 ದ್ವೀಪ ದೇಶಗಳ ಒಡೆತನದಲ್ಲಿರುವ ಸೌತ್ ಪೆಸಿಫಿಕ್ ವಿಶ್ವವಿದ್ಯಾಲಯ, ಒಂದೊಂದು ದೇಶವೂ ಒಂಟಿಯಾಗಿ ಭರಿಸಲಾಗದ್ದನ್ನು ಒಟ್ಟಾಗಿ ಸಾಧಿಸಿದವು. ಆದರೆ ಆತಿಥೇಯ ದೇಶದ ಮೇಲಿನ ಅವಲಂಬನೆ ದೊಡ್ಡದು. ಆಡಳಿತದ ಕುರಿತ ವಿವಾದದಲ್ಲಿ, ಸೌತ್ ಪೆಸಿಫಿಕ್ ವಿಶ್ವವಿದ್ಯಾಲಯದ ಆತಿಥೇಯ ದೇಶವಾದ ಫಿಜಿಯ ಸರ್ಕಾರ ತನ್ನ ಪಾಲಿನ ಅನುದಾನವನ್ನು ತಡೆಹಿಡಿದಾಗ ಅದರ ಪೆಟ್ಟು ಇಡೀ ಪ್ರದೇಶದ ವಿಶ್ವವಿದ್ಯಾಲಯಕ್ಕೆ ತಟ್ಟಿತು.

ಯಾರಿಗೆ ಯಾವುದು

ಹಣ ಕಡಿಮೆ, ಹೊರಗೆ ಹೋಗಿ ಓದುವವರು ಹೆಚ್ಚು ಎಂಬ ದೇಶಕ್ಕೆ ನನ್ನ ಸಲಹೆ ಪ್ರಾದೇಶಿಕ ಒಡಂಬಡಿಕೆ ಮತ್ತು ಅದರ ಜೊತೆಗೇ ಒಂದು ಚಿಕ್ಕ, ಸಮರ್ಥ ಮಾಹಿತಿ ಕೇಂದ್ರ. ಅನುಮೋದನೆ ಸಿಗುವವರೆಗೆ ಕಾಯಬೇಕಿಲ್ಲ. ಪದವಿಯ ವಿವರಣಾ ಪತ್ರ, ಗಂಟೆಗಳಲ್ಲಿ ಲೆಕ್ಕ ಹಾಕಿದ ಕ್ರೆಡಿಟ್, ಮಾನ್ಯತೆ ಪಡೆದ ಸಂಸ್ಥೆಗಳ ನಂಬಲರ್ಹ ಪಟ್ಟಿ, ಇವುಗಳನ್ನು ಯಾರ ಒಪ್ಪಿಗೆಯೂ ಇಲ್ಲದೆ ನಾಳೆಯೇ ಶುರುಮಾಡಬಹುದು. ಹೊರಗಿನಿಂದ ಬರುವವರೇ ಹೆಚ್ಚಿರುವ ದೊಡ್ಡ ದೇಶ ಜಾಗತಿಕ ಒಡಂಬಡಿಕೆಯನ್ನು ಮೊದಲು ನೋಡಲಿ. ಒಕ್ಕೂಟ ವ್ಯವಸ್ಥೆಯ ದೇಶವಾದರೆ ಸಹಿಗೆ ಮುನ್ನವೇ ರಾಜ್ಯ ಅಥವಾ ಪ್ರಾಂತ್ಯಗಳನ್ನು ಮಾತುಕತೆಗೆ ಕೂರಿಸಿಕೊಳ್ಳಲಿ, ಇಲ್ಲದಿದ್ದರೆ ಕೆನಡಾದಂತೆ ಎರಡು ದಶಕ ಹಿಡಿಯಬಹುದು.

ಶಿಕ್ಷಣ ವ್ಯವಸ್ಥೆಗಳು ಮೊದಲೇ ಹತ್ತಿರವಿರುವ ನೆರೆಯ ದೇಶಗಳಿಗೆ ಮಧ್ಯದ ದಾರಿಯೊಂದು ಇದೆ. ಬೆಲ್ಜಿಯಂ, ನೆದರ್ಲೆಂಡ್ಸ್, ಲಕ್ಸೆಂಬರ್ಗ್ 2015ರಲ್ಲಿ ಪರಸ್ಪರರ ಪದವಿಗಳ ಮಟ್ಟವನ್ನು ಅರ್ಜಿಯೇ ಇಲ್ಲದೆ ಒಪ್ಪಲು ತೀರ್ಮಾನಿಸಿದವು. 2018ರಲ್ಲಿ ಮೂರು ಬಾಲ್ಟಿಕ್ ದೇಶಗಳು ಹಾಗೇ ಮಾಡಿದವು. 2021ರಲ್ಲಿ ಈ ಎರಡು ಗುಂಪುಗಳು ಸೇರಿ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಪ್ರತಿ ಅರ್ಜಿಯನ್ನೂ ಪರಿಶೀಲಿಸುವ ಖರ್ಚು ಇಲ್ಲಿ ಮಾಯವಾಗುತ್ತದೆ, ಆದರೆ ಅದಕ್ಕೆ ಮುಂಚಿನ ನಂಬಿಕೆ ಬಹಳ ವರ್ಷಗಳದ್ದು.

ಒಂದು ವಿಶ್ವವಿದ್ಯಾಲಯಕ್ಕೆ ಒಡಂಬಡಿಕೆಗೆ ಸೇರುವ ಅಧಿಕಾರವಿಲ್ಲ. ಅದರ ಕೈಯಲ್ಲಿರುವುದು ವಿಭಾಗ ಮಟ್ಟದ ಸಹಭಾಗಿತ್ವ. ನೂರು ತಿಳಿವಳಿಕೆ ಪತ್ರಗಳಿಗಿಂತ, ಕ್ರೆಡಿಟ್‌ಗಳ ಹೊಂದಾಣಿಕೆಯನ್ನು ವಿಷಯವಾರು ಬರೆದಿಟ್ಟ ಮೂರು ಸಹಭಾಗಿತ್ವಗಳು ವಿದ್ಯಾರ್ಥಿಗೆ ಹೆಚ್ಚು ಉಪಯುಕ್ತ. ಹಣ ಸ್ವಲ್ಪವಿದ್ದರೆ ಅದನ್ನು ಕುಲಪತಿಗಳ ಪ್ರವಾಸಕ್ಕೆ ಬಳಸುವ ಬದಲು ಹತ್ತು ವಿದ್ಯಾರ್ಥಿವೇತನಗಳಿಗೆ ಬಳಸಿ. ಹಿಂದಿರುಗಿದ ಆ ಹತ್ತು ಅಂಕಪಟ್ಟಿಗಳು ನಿಮ್ಮ ನಿಯಮಗಳಲ್ಲಿ ಎಲ್ಲಿ ತೂತಿದೆ ಎಂದು ತೋರಿಸುತ್ತವೆ.

ಯಾವುದನ್ನೇ ಆರಿಸಿದರೂ ಕರಡಿನಲ್ಲಿ ಒಂದು ಕಲಮನ್ನು ಹುಡುಕಿ, ಇಲ್ಲದಿದ್ದರೆ ಸೇರಿಸಿ: ಒಪ್ಪಂದ ಕೊನೆಗೊಂಡ ದಿನ ಈಗಾಗಲೇ ದಾಖಲಾಗಿರುವ ವಿದ್ಯಾರ್ಥಿಗಳು ತಮ್ಮ ಓದನ್ನು ಹಳೆಯ ಷರತ್ತುಗಳಲ್ಲಿಯೇ ಮುಗಿಸಬಹುದು, ಆ ದಿನದವರೆಗೆ ಕೊಟ್ಟ ಮಾನ್ಯತೆ ರದ್ದಾಗುವುದಿಲ್ಲ, ಅವರ ಅಂಕಪಟ್ಟಿಗಳ ದಾಖಲೆಯನ್ನು ಇಂಥ ಕಚೇರಿ ಇಷ್ಟು ವರ್ಷ ಕಾಪಾಡತಕ್ಕದ್ದು. ಕಚೇರಿಯ ಹೆಸರು ಮತ್ತು ವರ್ಷಗಳ ಸಂಖ್ಯೆ ಎರಡನ್ನೂ ಖಾಲಿ ಬಿಡದೆ ಬರೆಯಿಸಿ.